ಮಲ್ಲಿಗೆಯ ಲೆಕ್ಕ

ಕಾಫಿಯನ್ನು ಬಿಸಿ ಆರುವ ಮೊದಲೇ ಕುಡಿದು ಮುಗಿಸಬೇಕೆಂಬುದು ನಿವೃತ್ತಿಯ ನಂತರವೂ ನಾನು ಬಿಡದೆ ಉಳಿಸಿಕೊಂಡಿರುವ ಏಕೈಕ ಶಿಸ್ತು. ಮೊನ್ನೆ ಅದಕ್ಕೂ ಭಂಗ ಬಂತು. ಲೋಟ ತುಟಿಗೆ ತಾಗುವ ಹೊತ್ತಿಗೆ ಸರಿಯಾಗಿ ಮೊಬೈಲ್ ಸದ್ದು ಮಾಡಿತು. ಬಡಾವಣೆಯ ವಿನಿಮಯ ಕೂಟದ ಕಾರ್ಯದರ್ಶಿಗಳ ಸಂದೇಶ: "ಮಾನ್ಯರೇ, ತಮ್ಮ ಖಾತೆಯಲ್ಲಿ ಮಲ್ಲಿಗೆ ಮಿತಿಮೀರಿ ಸಂಗ್ರಹವಾಗಿದೆ. ಇದರಿಂದ ಇತರ ಸದಸ್ಯರಿಗೆ ತೊಂದರೆಯಾಗುತ್ತಿದೆ. ತಿಂಗಳೊಳಗೆ ಖರ್ಚು ಮಾಡಿ ಸಹಕರಿಸಬೇಕಾಗಿ ಕೋರಿಕೆ."

ಬಾಕಿ ಕಟ್ಟದವನಿಗೆ ನೋಟಿಸು ಹೋಗುವುದು ನನಗೆ ಗೊತ್ತು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ಹೊರಬರುವವರೆಗೆ ಅಂಥ ನೋಟಿಸುಗಳನ್ನು ಕಂತೆಗಟ್ಟಲೆ ಬರೆದವನು ನಾನು. ಆದರೆ ಬಾಕಿ ಬರಬೇಕಾದವನಿಗೆ ನೋಟಿಸು ಕೊಡುವ ಪದ್ಧತಿಯನ್ನು ಯಾವ ಕೈಪಿಡಿಯಲ್ಲಿಯೂ ಕಂಡವನಲ್ಲ.

ನಮ್ಮ ಕೂಟದಲ್ಲಿ ಒಬ್ಬ ಸದಸ್ಯರಿಗೆ ಕೆಲಸ ಮಾಡಿಕೊಟ್ಟರೆ ಹಣದ ಬದಲು ಖಾತೆಗೆ ಮಲ್ಲಿಗೆ ಜಮಾ, ಇನ್ನೊಬ್ಬರಿಂದ ಕೆಲಸ ಮಾಡಿಸಿಕೊಂಡರೆ ಖರ್ಚು. ಮಲ್ಲಿಗೆ ಎಂದರೆ ಇಲ್ಲಿ ಒಂದು ಗಂಟೆಯ ದುಡಿಮೆ. ಈ ಹೆಸರಿಡುವುದಕ್ಕೆ ನಡೆದ ಸಭೆಯನ್ನು ನೀವು ನೋಡಬೇಕಿತ್ತು. ಕಾರ್ಯದರ್ಶಿಗಳ ಮಗಳು ಕೆಲವು ವರ್ಷ ಮ್ಯಾಂಚೆಸ್ಟರಿನಲ್ಲಿ ಇದ್ದು ಬಂದವರು. ಅಲ್ಲಿಯ ಕೂಟ ತನ್ನ ಲೆಕ್ಕಕ್ಕೆ ಹಳೆಯ ಹತ್ತಿ ಗಿರಣಿಗಳ ನೆನಪಿನಲ್ಲಿ ಬಾಬಿನ್ ಎಂದು ಹೆಸರಿಟ್ಟುಕೊಂಡಿತ್ತಂತೆ. ಟಾಟ್ನೆಸ್ ಎಂಬ ಊರಿನವರು ಓಕ್ ಮರದ ಕಾಯಿಯ ಹೆಸರಿಟ್ಟಿದ್ದರಂತೆ. ಹಾಗಾದರೆ ಮೈಸೂರಿಗೂ ಮೈಸೂರಿನದೇ ಹೆಸರು ಬೇಡವೇ? ಯಾರೋ ಪಾಕ್ ಎಂದರು. ಸಭೆಯಲ್ಲಿದ್ದವರಲ್ಲಿ ಬಹುಪಾಲು ಮಧುಮೇಹಿಗಳಾದ್ದರಿಂದ ಅದು ಬಿದ್ದುಹೋಯಿತು. ವೀಳ್ಯದೆಲೆ ಎಂದರೆ ತಾಂಬೂಲ ಉಗುಳುವವರ ನೆನಪಾಗುತ್ತದೆ ಎಂದು ಸ್ವಚ್ಛತಾ ಸಮಿತಿಯವರು ಮುಖ ಕಿವುಚಿದರು. ನಿವೃತ್ತ ಸಂಸ್ಕೃತ ಅಧ್ಯಾಪಕರೊಬ್ಬರು ಎದ್ದು, ಕಾಲದ ಲೆಕ್ಕಕ್ಕೆ ಗಳಿಗೆಗಿಂತ ಯೋಗ್ಯವಾದ ಹೆಸರಿಲ್ಲ ಎಂದರು. ಆದರೆ ಗಳಿಗೆಗೆ ಇಪ್ಪತ್ತನಾಲ್ಕೇ ನಿಮಿಷ, ಒಂದು ಗಂಟೆಗೆ ಎರಡೂವರೆ ಗಳಿಗೆ. ಲೆಕ್ಕ ಬರೆಯಲು ಒಪ್ಪಿಕೊಂಡಿದ್ದ ಬ್ಯಾಂಕಿನವರು ಅಲ್ಲೇ ರಾಜೀನಾಮೆ ಕೊಡುವುದಾಗಿ ಹೆದರಿಸಿದರು. ಕೊನೆಗೆ ಮಲ್ಲಿಗೆ ಗೆದ್ದಿತು. ಅರ್ಧ ಗಂಟೆಗೆ ಮೊಗ್ಗು. ಕಾಲು ಗಂಟೆಗೆ ಏನು ಎಂಬ ಪ್ರಶ್ನೆ ಇನ್ನೂ ಉಪಸಮಿತಿಯ ಮುಂದಿದೆ.

ನಾನು ಕೊಡಬಲ್ಲೆನೆಂದು ನಮೂನೆಯಲ್ಲಿ ತುಂಬಿದ್ದು ಒಂದೇ ಸೇವೆ: ಅರ್ಜಿ ಬರೆದುಕೊಡುವುದು. ಇಷ್ಟು ಬೇಡಿಕೆ ಇರುತ್ತದೆಂದು ಗೊತ್ತಿದ್ದರೆ ನಿವೃತ್ತನಾದ ಮರುದಿನವೇ ಕಚೇರಿಯ ಮುಂದಿನ ಬೇವಿನ ಮರದಡಿ ಮೇಜು ಹಾಕಿಕೊಂಡು ಕೂರುತ್ತಿದ್ದೆ. ಪೌತಿ ಖಾತೆ, ವಂಶವೃಕ್ಷ, ಪಿಂಚಣಿದಾರರು ಬದುಕಿದ್ದಾರೆಂಬ ಪ್ರಮಾಣಪತ್ರ, ಉರಿಯದ ಬೀದಿದೀಪ, ಆರದ ಬೀದಿದೀಪ. ಕಂಪ್ಯೂಟರಿನ ಮುಂದೆ ಕುಳಿತು ಅರ್ಧ ಪ್ರಪಂಚದ ವ್ಯವಹಾರ ನಡೆಸುವ ಹುಡುಗರು ನಗರಪಾಲಿಕೆಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯಬೇಕೆಂದರೆ ಬೆವರುತ್ತಾರೆ. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಎಂಬ ಸಾಲನ್ನು ನಾನು ಬರೆದ ತಕ್ಷಣ ಅವರ ಮುಖದಲ್ಲಿ ಅರ್ಧ ಕೆಲಸ ಆಗಿಹೋದ ನೆಮ್ಮದಿ ಕಾಣಿಸುತ್ತದೆ. ಕರ್ನಾಟಕದ ನಿಯಮದಂತೆ ಮಾಹಿತಿ ಹಕ್ಕಿನ ಅರ್ಜಿ ಒಂದೇ ವಿಷಯದ ಬಗ್ಗೆ, 150 ಪದಗಳ ಒಳಗೆ ಇರಬೇಕು. ಬರುವವರ ಸಂಕಟವೋ ಸಾವಿರ ಪದಗಳಿಗೂ ಬಗ್ಗುವುದಿಲ್ಲ. ಉಳಿದ ಎಂಟುನೂರೈವತ್ತನ್ನು ಕೇಳಿಸಿಕೊಳ್ಳಬೇಕಾದವನು ನಾನು.

ಈ ಕೇಳಿಸಿಕೊಳ್ಳುವುದಕ್ಕೆ ಲೆಕ್ಕ ಉಂಟೋ ಇಲ್ಲವೋ ಎಂಬುದು ನನ್ನ ಮೊದಲ ತಕರಾರು. ಅರ್ಜಿಗೆ ಹತ್ತು ನಿಮಿಷ ಸಾಕು. ಆದರೆ ಅರ್ಜಿದಾರರ ಅಳಿಯ, ಅಳಿಯನ ಅಣ್ಣ, ಆ ಅಣ್ಣ ನುಂಗಿದ ಮೂವತ್ತು-ನಲವತ್ತರ ನಿವೇಶನ, ಇವೆಲ್ಲ ಒಂದೊಂದಾಗಿ ನಮ್ಮ ಜಗಲಿಗೆ ಇಳಿಯುವಷ್ಟರಲ್ಲಿ ಎರಡನೆಯ ಕಾಫಿ ಆಗಿರುತ್ತದೆ. 1827ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಜೋಸಯ್ಯ ವಾರೆನ್ ಎಂಬಾತ ಸಮಯದ ಅಂಗಡಿಯೊಂದನ್ನು ತೆರೆದಿದ್ದ. ಸರಕಿಗೆ ಅಸಲು ಬೆಲೆ ಮತ್ತು ಖರ್ಚು. ಅದರ ಮೇಲೆ ಅಂಗಡಿಯವನನ್ನು ಗಿರಾಕಿ ಎಷ್ಟು ಹೊತ್ತು ನಿಲ್ಲಿಸಿಕೊಂಡನೋ ಅಷ್ಟು ಹೊತ್ತಿನ ದುಡಿಮೆಗೆ ಚೀಟಿ ಬರೆದುಕೊಡಬೇಕು. ಅದನ್ನು ಅಳೆಯಲು ಅಂಗಡಿಯಲ್ಲಿ ಗಡಿಯಾರ. ಮಾತು ಉದ್ದವಾದರೆ ಬೆಲೆಯೂ ಉದ್ದ. ಎಂಥ ನಾಗರಿಕ ಏರ್ಪಾಡು! ನಮ್ಮ ಜಗಲಿಗೂ ಒಂದು ಗಡಿಯಾರ ತೂಗುಹಾಕಬೇಕೆಂದು ಹೆಂಡತಿಗೆ ಹೇಳಿದೆ. "ಹಾಕಿ. ಆದರೆ ಅರ್ಧ ಮಾತು ನಿಮ್ಮದೇ" ಎಂದಳು. ಗಡಿಯಾರದ ವಿಷಯ ಅಲ್ಲಿಗೆ ನಿಂತಿತು.

ಸಂದೇಶ ಬಂದ ಸಂಜೆಯೇ ಕಾರ್ಯದರ್ಶಿಗಳನ್ನು ಉದ್ಯಾನದಲ್ಲಿ ಹಿಡಿದೆ. ಅವರಿಗೆ ವಿವರಿಸುವುದೆಂದರೆ ಪ್ರಾಣ. 1983ರಲ್ಲಿ ಕೆನಡಾದ ಪಶ್ಚಿಮ ಕರಾವಳಿಯ ಕಾಮಾಕ್ಸ್ ಕಣಿವೆಯಲ್ಲಿ ಮೈಕೇಲ್ ಲಿಂಟನ್ ಎಂಬವರು ಇದನ್ನು ಹೇಗೆ ಶುರುಮಾಡಿದರು ಎಂಬಲ್ಲಿಂದ ಹಿಡಿದುಕೊಂಡರು. ಅಲ್ಲಿ ಮಾಡಬೇಕಾದ ಕೆಲಸವಿತ್ತು, ಮಾಡಬಲ್ಲ ಕೈಗಳಿದ್ದವು, ಜನರ ಜೇಬಿನಲ್ಲಿ ಮಾತ್ರ ಡಾಲರ್ ಇರಲಿಲ್ಲ. ಹಾಗಾಗಿ ಪುಸ್ತಕದಲ್ಲಷ್ಟೇ ಇರುವ ಹಸಿರು ಡಾಲರ್ ಹುಟ್ಟಿಸಿದರು. ಒಬ್ಬರ ಜಮಾ ಇನ್ನೊಬ್ಬರ ಖರ್ಚು. ಬಡ್ಡಿ ಇಲ್ಲ. ಊರಿನ ಎಲ್ಲ ಖಾತೆಗಳನ್ನು ಕೂಡಿದರೆ ಯಾವಾಗಲೂ ಸೊನ್ನೆ. "ಈಗ ತಾವೇ ಯೋಚಿಸಿ," ಎಂದರು ಕಾರ್ಯದರ್ಶಿಗಳು, ನಿಂತು. "ತಾವು ಇಷ್ಟು ಮೇಲಿದ್ದೀರಿ ಎಂದರೆ ಯಾರೋ ಅಷ್ಟು ಕೆಳಗಿದ್ದಾರೆ. ತಾವು ಇಳಿಯದೆ ಅವರು ಏಳುವಂತಿಲ್ಲ."

ಅಂದರೆ ನಾನು ಮಾಡಿದ ಉಪಕಾರವೆಲ್ಲ ಯಾರದೋ ತಲೆಯ ಮೇಲೆ ಕೂತಿದೆ! ಒಬ್ಬ ವಿಧವೆಯ ಪಿಂಚಣಿ ಬಿಡಿಸಿಕೊಟ್ಟದ್ದು ಆಕೆಯನ್ನು ಸಾಲಗಾರ್ತಿ ಮಾಡಿದಂತಾಯಿತು. ನಾನು ಹಾಗೇನೂ ಕೇಳಿರಲಿಲ್ಲ. ಆದರೆ ಕಾರ್ಯದರ್ಶಿಗಳ ಗಣಿತದಲ್ಲಿ ತಪ್ಪು ಹುಡುಕಲೂ ಆಗಲಿಲ್ಲ.

ಸರಿ, ಖರ್ಚು ಮಾಡೋಣವೆಂದು ಸೇವೆಗಳ ಪಟ್ಟಿ ತೆರೆದೆ. ಮಂಡಲ ಚಿತ್ರಕಲೆ. ಕೀಬೋರ್ಡ್ ವಾದನ, ಆರಂಭಿಕರಿಗೆ. ಮೊಟ್ಟೆಯಿಲ್ಲದ ಕೇಕ್. ಆಪ್ತ ಸಮಾಲೋಚನೆ. ರೇಖಿ. ಸಮಯ ನಿರ್ವಹಣೆ (ನನಗೆ, ಈ ವಯಸ್ಸಿನಲ್ಲಿ!). ಇಂಗ್ಲಿಷ್ ಸಂಭಾಷಣೆ ಆರು ಜನರಿಂದ. ಯೋಗ ಒಂಬತ್ತು ಜನರಿಂದ. ಅವರೆಲ್ಲ ಪರಸ್ಪರ ಕಲಿಸಿಕೊಂಡರೂ ಇಡೀ ಬಡಾವಣೆಯ ಬೆನ್ನುಮೂಳೆ ನೆಟ್ಟಗಾಗಬೇಕಿತ್ತು. ನನಗೆ ಬೇಕಾಗಿದ್ದದ್ದು ಮಾಳಿಗೆಯ ಮೇಲಿನ ಟ್ಯಾಂಕ್ ತೊಳೆಯುವವರು, ಬಚ್ಚಲಿನ ನಲ್ಲಿಗೆ ವಾಷರ್ ಹಾಕುವವರು, ತೆಂಗಿನ ಮರ ಹತ್ತುವವರು. ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದೆ. ಇಡೀ ಬಡಾವಣೆಯಲ್ಲಿ ಏಣಿ ಹತ್ತಬಲ್ಲ ಸದಸ್ಯ ಒಬ್ಬನೂ ಇಲ್ಲ.

ನನ್ನ ದೊಡ್ಡ ಸೋದರಮಾವ ಇದ್ದಿದ್ದರೆ ಈ ಕೂಟವನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸುತ್ತಿದ್ದರು. ಕೃಷ್ಣರಾಜಪೇಟೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅವರ ಬೇಸಾಯ. ನಾಟಿಯ ಕಾಲಕ್ಕೆ ಒಬ್ಬರ ಗದ್ದೆಗೆ ಇನ್ನೊಬ್ಬರ ಮನೆಯವರು ಮುಯ್ಯಾಳಾಗಿ ಹೋಗುವುದು, ಅವರ ಗದ್ದೆಗೆ ಇವರು ಬರುವುದು ಅಲ್ಲಿ ಮಳೆಯಷ್ಟೇ ಸಹಜವಾಗಿತ್ತು. ಅದನ್ನು ಯಾರೂ ಬರೆದಿಡುತ್ತಿರಲಿಲ್ಲ. ಬರೆದಿಡುತ್ತಿದ್ದದ್ದು ಮದುವೆಯ ಮುಯ್ಯಿಯನ್ನು. ಸುತ್ತ ಏಳೂರಿನ ಮದುವೆಗಳಲ್ಲಿ ಚಪ್ಪರದ ಕಂಬಕ್ಕೆ ಒರಗಿ, ಮಡಿಲಲ್ಲಿ ಉದ್ದನೆಯ ಪುಸ್ತಕ ಇಟ್ಟುಕೊಂಡು ಮುಯ್ಯಿ ಬರೆಯುತ್ತಿದ್ದವರು ನಮ್ಮ ದೊಡ್ಡ ಮಾವನೇ. ಅವರ ಅಕ್ಷರ ದುಂಡಗೆ. ಮನಸ್ಸು ಅಷ್ಟು ದುಂಡಗಿರಲಿಲ್ಲ. ಇಂಥವರು ಐದು ರೂಪಾಯಿ, ಇಂಥವರು ರವಿಕೆ ಕಣ, ಇಂಥವರು ಸ್ಟೀಲ್ ತಂಬಿಗೆ ಎಂದು ಬರೆದು ಮುಗಿಸದೆ ಪಕ್ಕದಲ್ಲಿ ಸಣ್ಣದಾಗಿ ಷರಾ ಹಾಕುತ್ತಿದ್ದರು: "ತಂಬಿಗೆ, ತೆಳು." "ಕಣ, ಮೊದಲೇ ಯಾರಿಗೋ ಬಂದದ್ದು." "ಐದು ರೂಪಾಯಿ, ಊಟಕ್ಕೆ ಏಳು ಜನ." ಈ ಷರಾಗಳಿಗೋಸ್ಕರವೇ ಮದುವೆ ಮನೆಯವರು ರಾತ್ರಿ ಲಾಟೀನು ಹಿಡಿದುಕೊಂಡು ಪುಸ್ತಕ ಓದಿಸುತ್ತಿದ್ದರು.

ಮುಯ್ಯಿಯಲ್ಲಿ ಒಂದು ಮರ್ಯಾದೆ ಇದೆ. ಅವರು ಹಾಕಿದ್ದಕ್ಕಿಂತ ನೀವು ತಿರುಗಿ ಹಾಕುವಾಗ ಒಂದಿಷ್ಟು ಹೆಚ್ಚಿಗೆ ಹಾಕಬೇಕು. ಆಗ ಆ ಹೆಚ್ಚಿಗೆಯದು ಅವರ ಮೇಲೆ ಉಳಿಯುತ್ತದೆ. ಅವರು ಮತ್ತೆ ಬರಲೇಬೇಕಾಗುತ್ತದೆ. ನಮ್ಮ ಮಾವ ಪಕ್ಕದ ಊರಿನ ಒಬ್ಬ ಗೌಡರ ಮಗಳ ಮದುವೆಗೆ ಹನ್ನೊಂದು ರೂಪಾಯಿ ಹಾಕಿದ್ದರು. ಕೆಲವು ವರ್ಷಗಳ ಮೇಲೆ ಮಾವನ ಹಿರಿಯ ಮಗಳ ಮದುವೆಯಾಯಿತು. ಗೌಡರು ಬಂದರು, ಉಂಡರು, ಎಲೆಯಡಿಕೆ ಹಾಕಿಕೊಂಡರು, ಹನ್ನೊಂದು ರೂಪಾಯಿ ಹಾಕಿ ಹೋದರು. ಸರಿಯಾಗಿ ಹನ್ನೊಂದು. ಪುಸ್ತಕ ನೋಡಿದ ಮಾವ ಉರಿದುಬಿದ್ದರು. "ಚುಕ್ತಾ ಮಾಡಿಬಿಟ್ಟನಲ್ಲ! ನನ್ನ ಹತ್ತಿರ ಇನ್ನು ಬಾಳುವೆ ಬೇಡ ಅಂತ ಅಲ್ಲವೇ ಇದು?" ಹತ್ತು ಹಾಕಿದ್ದರೆ ಬಡತನ ಎನ್ನಬಹುದಿತ್ತು, ಹನ್ನೆರಡು ಹಾಕಿದ್ದರೆ ಮರ್ಯಾದೆ. ಹನ್ನೊಂದು ಮಾತ್ರ ಬಾಗಿಲು ಹಾಕಿಕೊಂಡು ಹೋದ ಹಾಗೆ.

ಮಾವ ಜಗಳವಾಡಲಿಲ್ಲ. ಕಾದರು. ಗೌಡರ ಎರಡನೆಯ ಮಗನ ಮದುವೆ ಬಂತು. ಮಾವ ಎರಡು ಚೀಲ ಭತ್ತ ಮಾರಿ, ಇಸ್ತ್ರಿ ಹಾಕಿಸಿದ ಅಂಗಿ ತೊಟ್ಟು ಹೋಗಿ, ಎಲ್ಲರ ಎದುರಿಗೆ ನೂರಾ ಒಂದು ರೂಪಾಯಿ ಮುಯ್ಯಿ ಹಾಕಿದರು. ಆ ಕಾಲಕ್ಕೆ ಸೋದರ ಸಂಬಂಧದವರೂ ಅಷ್ಟು ಹಾಕುತ್ತಿರಲಿಲ್ಲ. ಬರೆಯುವವನು ಕೈ ತಡೆದು, ಹನ್ನೊಂದೋ ನೂರೊಂದೋ ಎಂದು ಎರಡು ಸಲ ಕೇಳಿದನಂತೆ. ಎರಡು ಸಲವೂ ಮಾವ ಚಪ್ಪರಕ್ಕೆಲ್ಲ ಕೇಳುವಂತೆ ಹೇಳಿದರಂತೆ.

ಈಗ ಗೌಡರ ತಲೆಯ ಮೇಲೆ ನೂರಾ ಒಂದು ಕೂತಿತು. ಅದನ್ನು ಇಳಿಸಬೇಕೆಂದರೆ ಮಾವನ ಮನೆಯಲ್ಲಿ ಒಂದು ಶುಭಕಾರ್ಯ ಆಗಬೇಕು. ಆದರೆ ಮಾವನ ಮಕ್ಕಳದೆಲ್ಲ ಅಷ್ಟು ಹೊತ್ತಿಗೆ ಮದುವೆಯಾಗಿಹೋಗಿತ್ತು! ಗೌಡರು ದಾರಿ ನೋಡಿದರು. ಮೊಮ್ಮಗನ ನಾಮಕರಣವಾದರೂ ಆದೀತು ಎಂದು ಕಾದರು. ಮಾವ ಅದನ್ನು ಬೀಗರ ಮನೆಯಲ್ಲೇ ಮಾಡಿಸಿದರು. ಕೊಟ್ಟಿಗೆ ಕೆಡವಿ ಹೆಂಚಿನ ಮನೆ ಕಟ್ಟಿದಾಗ ಒಕ್ಕಲಿಗೆ ಒಬ್ಬರನ್ನೂ ಕರೆಯಲಿಲ್ಲ. ಅಮಾವಾಸ್ಯೆಯ ಮಾರನೆಯ ದಿನ ನಸುಕಿನಲ್ಲಿ ಹಾಲುಕ್ಕಿಸಿ ಒಳಗೆ ಹೋಗಿ ಮಲಗಿಬಿಟ್ಟರು. ಅರವತ್ತು ತುಂಬಿತು, ಒಂದು ಸತ್ಯನಾರಾಯಣ ಪೂಜೆಯಾದರೂ ಮಾಡಿಸಿ ಎಂದು ಅತ್ತೆ ಅತ್ತರು. "ಮಾಡಿಸಿದರೆ ಅವನು ಬಂದು ಕೊಟ್ಟುಬಿಡುತ್ತಾನೆ" ಎಂದರು ಮಾವ. ಗೌಡರು ಒಮ್ಮೆ ಸಂತೆಯಲ್ಲಿ ಎದುರಾದಾಗ ಜೇಬಿಗೆ ಕೈ ಹಾಕಿದರಂತೆ. ಮಾವ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ಸಂತೆಯಲ್ಲಿ ಮುಯ್ಯಿ ತೆಗೆದುಕೊಳ್ಳುವುದು ನಮ್ಮ ಕಡೆ ಇಲ್ಲ" ಎಂದು ಮುಂದೆ ನಡೆದರಂತೆ. ಆಮೇಲೆ ಗೌಡರ ಮಕ್ಕಳು ಮಾವನನ್ನು ಕಂಡಾಗಲೆಲ್ಲ ಎದ್ದು ನಿಲ್ಲುತ್ತಿದ್ದರು. ಕಬ್ಬಿನ ಗಾಡಿ ಸಿಕ್ಕಿಬಿದ್ದರೆ ತಮ್ಮ ಎತ್ತು ಕಳಿಸುತ್ತಿದ್ದರು. ನಾಲೆಯ ನೀರಿನ ಸರದಿಯಲ್ಲಿ ತಕರಾರು ಬಂದರೆ ಮಾವನ ಪರವಾಗಿ ಮಾತಾಡುತ್ತಿದ್ದರು. ಮಾವ ಇದನ್ನೆಲ್ಲ ತೆಗೆದುಕೊಂಡು ನೂರಾ ಒಂದನ್ನು ಹಾಗೆಯೇ ಉಳಿಸಿಕೊಂಡರು. ಅಷ್ಟು ಸುಖವಾಗಿ ದುಡ್ಡು ಕಳೆದುಕೊಂಡವರನ್ನು ನಾನು ಮತ್ತೆ ಕಂಡಿಲ್ಲ.

ಎಲ್ಲ ಖಾತೆ ಕೂಡಿದರೆ ಸೊನ್ನೆ ಬರುತ್ತದೆ ಎಂದು ಮಾವನಿಗೆ ಹೇಳಲು ಕಾರ್ಯದರ್ಶಿಗಳಿಗೆ ಧೈರ್ಯ ಬರುತ್ತಿತ್ತೇ?

ಆದರೆ ಮಾವನನ್ನು ಹೊಗಳುತ್ತಾ ಕೂತರೆ ಇನ್ನೊಂದು ಮಾತು ತಪ್ಪಿಹೋಗುತ್ತದೆ. ಮುಯ್ಯಾಳು ನಡೆಯುತ್ತಿದ್ದದ್ದು ಗದ್ದೆ ಇದ್ದವರ ನಡುವೆ. ಗದ್ದೆ ಇಲ್ಲದವನು ನಾಟಿಗೆ ಬಂದರೆ ಅವನಿಗೆ ತಿರುಗಿ ದುಡಿದುಕೊಡಲು ಮಾವ ಎಲ್ಲಿಗೆ ಹೋಗಬೇಕು? ಅವನಿಗೆ ಸೇರಿನಲ್ಲಿ ಭತ್ತ ಅಳೆದು ಕಳಿಸುತ್ತಿದ್ದರು. ಅಳೆಯುವ ಕೈ ಮಾವನದೇ. ಈ ಪುಸ್ತಕದಲ್ಲಿ ಯಾವ ಷರಾವೂ ಇಲ್ಲ, ಏಕೆಂದರೆ ಪುಸ್ತಕವೇ ಇರಲಿಲ್ಲ.

ನಮ್ಮ ತೆಂಗಿನ ಮರಕ್ಕೆ ಬರುವವನು ಮೊಪೆಡ್ಡಿನಲ್ಲಿ ಬರುತ್ತಾನೆ. ಮರಕ್ಕಿಷ್ಟು ಎಂದು ಹಣ. ಜೊತೆಗೆ ಇಳಿದ ಮೇಲೆ ದಪ್ಪದ್ದೆಂದು ತೋರಿದ ಎರಡು ಕಾಯಿ. ಅವನ ಮಗಳಿಗೆ ಹಾಸ್ಟೆಲಿನ ಅರ್ಜಿ ಬೇಕಾಗಿತ್ತು. ಜಾತಿ ಮತ್ತು ಆದಾಯ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರು ಒಂದು ರೀತಿ, ಶಾಲೆಯ ದಾಖಲೆಯಲ್ಲಿ ಇನ್ನೊಂದು ರೀತಿ. ಇಂಥ ಗಂಟುಗಳೆಂದರೆ ನನಗೆ ಹಬ್ಬ. ಕೂತು ಬಿಡಿಸಿ, ಮನವಿಯೊಂದನ್ನು ಬರೆದು, ಯಾವ ಕಿಟಕಿಗೆ ಹೋಗಿ ಯಾರನ್ನು ಕೇಳಬೇಕು ಎಂಬುದನ್ನೂ ಹೇಳಿ ಕಳಿಸಿದೆ. ಮನಸ್ಸಿನಲ್ಲಿ ಒಂದು ಲೆಕ್ಕವೂ ಇತ್ತು: ಇವನನ್ನು ಕೂಟಕ್ಕೆ ಸೇರಿಸಿದರೆ ನನ್ನ ಮಲ್ಲಿಗೆಯೆಲ್ಲ ಮರ ಹತ್ತಿಸುವುದರಲ್ಲೇ ಖರ್ಚಾಗಿ ಕಾರ್ಯದರ್ಶಿಗಳ ಬಾಯಿ ಮುಚ್ಚುತ್ತದೆ. ಹೇಳಿದೆ. ಅವನು ಬಹಳ ಶ್ರದ್ಧೆಯಿಂದ ಕೇಳಿದ. ಪಟ್ಟಿಯನ್ನು ತೋರಿಸು ಎಂದ. ರೇಖಿ ಎಂದರೇನು ಎಂದು ಕೇಳಿದ. ನನಗೂ ಸರಿಯಾಗಿ ಗೊತ್ತಿಲ್ಲದ್ದನ್ನು ಹೇಳಿದೆ. ಆಮೇಲೆ ಎದ್ದು ಮರ ಹತ್ತಿ ಇಳಿದು, ಎಂದಿನ ಹಣವನ್ನು ಪೂರ್ತಿ ಎಣಿಸಿಕೊಂಡು, ಎಂದಿನ ಎರಡು ಕಾಯಿಗಳನ್ನೂ ಚೀಲಕ್ಕೆ ಹಾಕಿಕೊಂಡು ಹೊರಟ. ಅರ್ಜಿಯ ಬಾಬ್ತು ಒಂದು ಕಾಯಿಯನ್ನಾದರೂ ಬಿಟ್ಟಾನೆಂದು ಗೇಟಿನವರೆಗೆ ಹೋಗಿ ನಿಂತಿದ್ದೆ. ಬಿಡಲಿಲ್ಲ. ಆ ಅರ್ಜಿಯ ಮಲ್ಲಿಗೆಯನ್ನು ಕೇಳಲು ಹೋದರೆ, ಸದಸ್ಯರಲ್ಲದವರಿಗೆ ಮಾಡಿದ ಸೇವೆ ನಿಯಮಾವಳಿಯ ಪ್ರಕಾರ ಸೇವೆಯೇ ಅಲ್ಲ ಎಂದರು ಕಾರ್ಯದರ್ಶಿಗಳು. ಆ ನಿಯಮಾವಳಿಯ ಕರಡನ್ನು ತಿದ್ದಿಕೊಟ್ಟವನೂ ನಾನೇ. ಅದಕ್ಕೆ ಮೂರು ಮಲ್ಲಿಗೆ ಬಂದಿದೆ.

ಕೇಕಿನವರನ್ನು ಕರೆದು ಒಂದಷ್ಟು ಖರ್ಚು ಮಾಡಬಹುದಿತ್ತು. ಆದರೆ ಬೇಡದ ಕೇಕನ್ನು ತಿನ್ನುವುದಕ್ಕೂ ಒಂದು ಮಿತಿ ಇದೆ. ಆಪ್ತ ಸಮಾಲೋಚನೆಗೆ ಒಂದು ಸಂಜೆ ಹೋಗಿದ್ದೆ. ಆಕೆ ಬಹಳ ಒಳ್ಳೆಯವರು. ನನ್ನನ್ನು ಏನು ಕಾಡುತ್ತಿದೆ ಎಂದು ಕೇಳಿದರು, ಹೇಳಿದೆ. ನಂತರ ಆಕೆಯ ಮನೆಯ ಖಾತೆ ಇನ್ನೂ ತೀರಿಕೊಂಡ ಮಾವನವರ ಹೆಸರಿನಲ್ಲೇ ಇರುವುದು ತಿಳಿಯಿತು. ಪೌತಿ ಖಾತೆಯ ಅರ್ಜಿ ಬರೆದುಕೊಟ್ಟು ಬಂದೆ. ಒಂದಕ್ಕೆ ಒಂದು ವಜಾ.

ಹೋದ ಭಾನುವಾರದ ಸಭೆಯಲ್ಲಿ ಕಾರ್ಯದರ್ಶಿಗಳು ಹೊಸ ಗೊತ್ತುವಳಿ ತಂದರು. 1932ರಲ್ಲಿ ಆಸ್ಟ್ರಿಯಾದ ವೋರ್ಗಲ್ ಎಂಬ ಪಟ್ಟಣದಲ್ಲಿ ಅಲ್ಲಿಯ ಮೇಯರ್ ತಮ್ಮದೇ ಚೀಟಿ ಹಣ ಹೊರಡಿಸಿದ್ದರಂತೆ. ತಿಂಗಳಿಗೊಮ್ಮೆ ಅದರ ಬೆಲೆಯ ನೂರಕ್ಕೆ ಒಂದರಷ್ಟು ಸ್ಟಾಂಪು ಅಂಟಿಸದಿದ್ದರೆ ಚೀಟಿ ನಡೆಯದು. ಇಟ್ಟುಕೊಂಡವನಿಗೆ ನಷ್ಟವಾದ್ದರಿಂದ ಎಲ್ಲರೂ ಬಂದಷ್ಟೇ ಬೇಗ ಖರ್ಚು ಮಾಡಿದರು, ಪಟ್ಟಣದಲ್ಲಿ ರಸ್ತೆಗಳಾದವು, ಸೇತುವೆಯಾಯಿತು. ಆದ್ದರಿಂದ ನಮ್ಮಲ್ಲಿಯೂ ಖರ್ಚಾಗದೆ ಉಳಿದ ಮಲ್ಲಿಗೆ ತಿಂಗಳಿಗಿಷ್ಟು ಎಂದು ಬಾಡತಕ್ಕದ್ದು. "ಮಲ್ಲಿಗೆಯ ಸ್ವಭಾವವೇ ಬಾಡುವುದಲ್ಲವೇ?" ಎಂದು ನನ್ನ ಕಡೆ ನೋಡಿ ನಕ್ಕರು. ಕೇಕಿನವರು ಚಪ್ಪಾಳೆ ತಟ್ಟಿದರು.

ಪಾಕ್ ಎಂದೇ ಹೆಸರಿಟ್ಟಿದ್ದರೆ ಈ ಮಾತು ಬರುತ್ತಿರಲಿಲ್ಲ. ಇರಲಿ. ಮನೆಗೆ ಬಂದವನೇ ಆಕ್ಷೇಪಣೆ ಬರೆಯಲು ಕುಳಿತೆ. ವೋರ್ಗಲ್ಲಿನ ಆ ಚೀಟಿಯನ್ನು ಮರುವರ್ಷವೇ ಆ ದೇಶದ ಕೇಂದ್ರ ಬ್ಯಾಂಕು ನಿಲ್ಲಿಸಿತೆಂಬುದನ್ನು ಕಾರ್ಯದರ್ಶಿಗಳು ಸಭೆಗೆ ತಿಳಿಸಿರಲಿಲ್ಲ. ಅದನ್ನು ಒಂದನೆಯ ಕಂಡಿಕೆಯಲ್ಲಿ ಇಟ್ಟೆ. ಪೂರ್ವಾನ್ವಯವಾಗಿ ಬಾಡಿಸುವುದು ಸಹಜ ನ್ಯಾಯಕ್ಕೆ ವಿರುದ್ಧ ಎಂಬುದು ಎರಡನೆಯದು. ಮೂರನೆಯದರಲ್ಲಿ ಸ್ವಲ್ಪ ಕೋಪ ಬಂದಿತ್ತು, ತೆಗೆದೆ. ಬರೆದು ಮುಗಿಸುವಷ್ಟರಲ್ಲಿ ಯೋಗದವರಿಬ್ಬರು ಗೇಟಿನಲ್ಲಿ ನಿಂತಿದ್ದರು. ಅವರ ಮಲ್ಲಿಗೆಯೂ ಬಾಡುವುದರಲ್ಲಿದೆ. ತಮಗೂ ಒಂದೊಂದು ಆಕ್ಷೇಪಣೆ ಬೇಕು. ಹಿಂದೆಯೇ ಕೀಬೋರ್ಡಿನವರು. ಅವರು ಹೋಗುವ ಮೊದಲೇ ಇಂಗ್ಲಿಷ್ ಸಂಭಾಷಣೆಯವರು, ಕನ್ನಡದಲ್ಲಿ ಬೇಕೆಂದು. ಎಲ್ಲರಿಗೂ ಬೇರೆ ಬೇರೆ ಒಕ್ಕಣೆ ಹಾಕಿಕೊಟ್ಟೆ. ಒಂದೇ ಅರ್ಜಿಗೆ ಹತ್ತು ಸಹಿ ಇದ್ದರೆ ಕಚೇರಿಯಲ್ಲಿ ಅದನ್ನು ಒಂದೇ ಎಂದು ಎಣಿಸುತ್ತಾರೆ, ಹತ್ತು ಅರ್ಜಿ ಇದ್ದರೆ ಕಡತ ಆಗುತ್ತದೆ. ತಲಾ ಒಂದು ಮೊಗ್ಗು ಬರೆಸಿ ಹೋಗಿದ್ದಾರೆ. ನಿನ್ನೆ ರಾತ್ರಿ ಕಾರ್ಯದರ್ಶಿಗಳೇ ಬಂದಿದ್ದರು, ಇಷ್ಟೊಂದು ಆಕ್ಷೇಪಣೆಗಳಿಗೆ ಒಂದು ಸಮರ್ಪಕವಾದ ಉತ್ತರ ಬರೆದುಕೊಡಬಹುದೇ ಎಂದು ಕೇಳಲು. ಅದಕ್ಕೆ ಎರಡು ಮಲ್ಲಿಗೆಗೆ ಕಡಿಮೆ ಆಗುವುದಿಲ್ಲ ಎಂದಿದ್ದೇನೆ.